ಹನ್ನೊಂದು ಇಪ್ಪತ್ತಕ್ಕೆ ಎತ್ತಪ್ಪ ಇಳಿದ

ಹಿರಿಯೂರಿನಲ್ಲಿ ಚಿತ್ರಲಿಂಗಪ್ಪನನ್ನು ಬಲ್ಲವರು, ಅವನು ಸೀನಿದರೂ ಗಡಿಯಾರ ನೋಡಿ ಬರೆದಿಟ್ಟುಕೊಳ್ಳುತ್ತಾನೆ ಎಂದು ನಗುತ್ತಿದ್ದರು. ಹೆಂಡತಿ ಪುಟ್ಟಕ್ಕನಂತೂ ಸಾರಿಗೆ ಉಪ್ಪು ಹಾಕುವಾಗ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ಎಂಟೂ ಹತ್ತಕ್ಕೆ ಉಪ್ಪು ಹಾಕ್ದೆ, ಬರ್ಕಳ್ರಿ!” ಅವನು ನಗುತ್ತಿರಲಿಲ್ಲ. ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು, ಇವೆರಡೂ ಇಲ್ಲದೆ ಅವನನ್ನು ಕಂಡವರಿಲ್ಲ. ಮೂವತ್ತನಾಲ್ಕು ವರ್ಷ ನೀರು ಬಿಡುವ ಕೆಲಸ ಮಾಡಿದವನು. ಬರೆಯುವುದು ಅವನಿಗೆ ಚಟವಲ್ಲ, ಮಾನದ ಮಾತಾಗಿತ್ತು.

ಅದನ್ನು ಕಲಿಸಿದವನು ಮೂಡಲಗಿರಿಯಪ್ಪ. ಮಾರಿಕಣಿವೆ ಅಣೆಕಟ್ಟಿನ ಕೆಳಗಿನ ಹಳೇ ಪಂಪ್‌ಹೌಸಿನಲ್ಲಿ ಅವನು ಹಿರಿಯ ಆಪರೇಟರು, ಇಪ್ಪತ್ಮೂರು ವರ್ಷದ ಚಿತ್ರಲಿಂಗಪ್ಪ ಅವನ ಕೈಕೆಳಗಿನವನು. ಒಂದು ದಿನ ಮೋಟಾರು ಶುರು ಮಾಡಿದ ಹೊತ್ತನ್ನು ತಪ್ಪಾಗಿ ಬರೆದ ಹುಡುಗ ಅದನ್ನು ಬ್ಲೇಡಿನಿಂದ ಕೆರೆದು, ಮೇಲೆ ಸರಿಯಾದ ಹೊತ್ತು ಬರೆದಿಟ್ಟ. ಮೂಡಲಗಿರಿಯಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದವನೇ ಕಪಾಳಕ್ಕೆ ಬಾರಿಸಿದ. “ಲಾಗ್ ಬುಕ್ಕಿಗೆ ಬ್ಲೇಡು ಹಾಕ್ತೀಯೇನಲೇ? ತಪ್ಪು ಬರೆದ್ರೆ ಅದು ಹಂಗೇ ಇರ್ಲಿ, ಕೆಳಗೆ ಸರಿಯಾದ್ದು ಬರಿ. ಒಂದು ಕಡೆ ಕೆರೆದಿದ್ದು ಕಂಡ್ರೆ ಪುಸ್ತಕ ಪೂರ್ತಿ ಯಾರು ನಂಬ್ತಾರೆ?”

ನಾಲ್ಕು ವರ್ಷದ ಮೇಲೆ ಒಂದು ಮೋಟಾರು ಸುಟ್ಟುಹೋಯಿತು. ಬಿಡುವು ಕೊಡದೆ ಓಡಿಸಿದ್ದು ಚಿತ್ರಲಿಂಗಪ್ಪನೇ ಎಂದು ಇಂಜಿನಿಯರು ಕೈ ತೋರಿಸಿದರು. ಮೂಡಲಗಿರಿಯಪ್ಪ ಪುಸ್ತಕ ತೆರೆದಿಟ್ಟ. ‘ಮಧ್ಯಾಹ್ನ ಎರಡೂ ಕಾಲು. ಮೋಟಾರು ಕಾದಿದೆ ಎಂದು ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ನಿಲ್ಲಿಸಬೇಡ ಎಂದರು.’ ಆ ಒಂದು ಸಾಲು ಚಿತ್ರಲಿಂಗಪ್ಪನ ನೌಕರಿ ಉಳಿಸಿತು. ಅಂದಿನಿಂದ ಆಯುಧಪೂಜೆಯ ದಿನ ಅವನ ಕುಂಕುಮ ಮೊದಲು ಬೀಳುತ್ತಿದ್ದುದು ಲಾಗ್ ಬುಕ್ಕಿಗೆ, ಮೋಟಾರಿನ ಸರದಿ ಆಮೇಲೆ.

ಕಂಪ್ಯೂಟರು ಬಂದಾಗ ಅವನಿಗೆ ಐವತ್ತು. ಮಾರಿಕಣಿವೆಯ ನೀರನ್ನು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ ಒಯ್ಯುವ ಹೊಸ ಕೊಳವೆ ಬಂತು, ನಡೆಸುವ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಹೋಯಿತು. ದಾರಿಯುದ್ದದ ವಾಲ್ವುಗಳಿಗೆಲ್ಲ ಮೋಟಾರು ಕೂರಿಸಿದರು. ಹಿರಿಯೂರಿನ ಕಂಟ್ರೋಲ್ ರೂಮಿನಲ್ಲಿ ಕುಳಿತು ಒಂದು ಸಾಲು ಟೈಪು ಮಾಡಿದರೆ ಎಪ್ಪತ್ತು ಎಂಬತ್ತು ಕಿಲೋಮೀಟರು ಆಚೆಯ ವಾಲ್ವು ತೆರೆದುಕೊಳ್ಳುತ್ತಿತ್ತು. ಅವನ ಓರಗೆಯವರೆಲ್ಲ ಇದು ನಮ್ಮ ಕೈಲಾಗದು ಎಂದು ಜಾರಿಕೊಂಡರು. ಚಿತ್ರಲಿಂಗಪ್ಪನಿಗೆ ಮಾತ್ರ ಆ ಕಪ್ಪು ಪರದೆ ಮೊದಲ ದಿನವೇ ಹಿಡಿಸಿತು, ಏಕೆಂದರೆ ಅದು ಅವನ ಲಾಗ್ ಬುಕ್ಕಿನ ಹಾಗೇ ಇತ್ತು. ನಾವು ಒಂದು ಸಾಲು ಬರೆಯುವುದು, ಅದು ಕೆಳಗೆ ಒಂದು ಸಾಲು ಬರೆಯುವುದು. ಯಾವುದನ್ನೂ ಕೆರೆಯುವುದಿಲ್ಲ.

ಟೈಪು ಮಾಡಿದ ಪ್ರತಿ ಸಾಲೂ ಹೊತ್ತಿನ ಸಮೇತ ಒಂದು ಫೈಲಿನಲ್ಲಿ ಕೂರುವ ಹಾಗೆ ಅವನೇ ಮಾಡಿಸಿಕೊಂಡ. ಆ ಸಾಲಿನಲ್ಲಿ ಯಾವ ಯಂತ್ರ, ಯಾರ ಹೆಸರು, ಆ ಹೆಸರಿನ ಪಾಸ್‌ವರ್ಡ್ ಯಾವುದು, ಯಾವ ವಾಲ್ವು, ತೆಗೆಯಬೇಕೋ ಮುಚ್ಚಬೇಕೋ, ಎಲ್ಲವೂ ಒಟ್ಟಿಗೇ ಇರುತ್ತಿತ್ತು. ಹಿಂದಿನ ದಿನದ ಆ ಫೈಲನ್ನು ಅವನು ದಿನಾ ಬೆಳಿಗ್ಗೆ ಒಂದು ವಾಟ್ಸ್ಯಾಪ್ ಗ್ರೂಪಿಗೆ ಹಾಕುತ್ತಿದ್ದ. ಹಳ್ಳಿಗಳಲ್ಲಿ ನೀರು ಬಿಡುವ ನೀರುಗಂಟಿಗಳು, ಪಂಚಾಯ್ತಿ ಮೆಂಬರುಗಳು, ಊರೂರಿನ ಆಸಕ್ತರು, ಎಲ್ಲ ಸೇರಿ ನೂರನಲವತ್ತು ಜನ ಅದರಲ್ಲಿದ್ದರು. ತಮ್ಮೂರಿಗೆ ಎಷ್ಟು ಹೊತ್ತು ನೀರು ಬಿಟ್ಟರು ಎಂದು ಯಾರು ಬೇಕಾದರೂ ನೋಡಬಹುದಿತ್ತು. ಜನ ಮೆಚ್ಚಿಕೊಂಡರು. ಒಂದು ಊರಿನವರು ಕರೆದು ಶಾಲು ಕೂಡ ಹೊದಿಸಿದರು.

ಆ ಗುಂಪಿನಲ್ಲಿ ಅವನಿಗೆ ತೀರಾ ಬೇಕಾದವನೆಂದರೆ ತಾಳ್ಯದ ನೀರುಗಂಟಿ ಎತ್ತಪ್ಪ. ನಲವತ್ಮೂರು ವರ್ಷದ ಗಟ್ಟಿ ಆಳು, ಹಿರಿಯೂರಿಗೆ ಬಂದಾಗಲೆಲ್ಲ ಹುರಿದ ಕಡ್ಲೆಕಾಯಿಯ ಚೀಲ ತಂದು “ಇದನ್ನೂ ಬರ್ಕಳಪ್ಪ ನಮ್ಮಣ್ಣ” ಎಂದು ಮೇಜಿನ ಮೇಲೆ ಇಡುತ್ತಿದ್ದ. ನೀರುಗಂಟಿಗಳಲ್ಲಿ ಒಂದು ಹಳೇ ರೂಢಿಯಿದೆ. ವಾಲ್ವು ತಿರುಗಿಸಲು ಒಂದು ಉದ್ದನೆಯ ಕಬ್ಬಿಣದ ರಾಡು ಇರುತ್ತದೆ. ರಿಪೇರಿಗೆಂದು ಚೇಂಬರಿನ ಗುಂಡಿಗೆ ಇಳಿಯುವವನು ಆ ರಾಡನ್ನು ಮೇಲೆ ಬಿಡುವುದಿಲ್ಲ, ತನ್ನ ಜೊತೆಗೇ ಕೆಳಗೆ ಒಯ್ಯುತ್ತಾನೆ. ರಾಡು ಒಳಗಿದ್ದರೆ ಮೇಲಿನವರು ಯಾರೂ ನೀರು ಬಿಡಲಾರರು. ಮೋಟಾರು ವಾಲ್ವು ಬಂದ ಮೇಲೆ ರಾಡಿಗೆ ಕೆಲಸವೇ ಇರಲಿಲ್ಲ, ಆದರೂ ಎತ್ತಪ್ಪ ಅದನ್ನು ಬಿಡಲಿಲ್ಲ. ಇಳಿಯುವ ಮುಂಚೆ ಚಿತ್ರಲಿಂಗಪ್ಪನಿಗೆ ಫೋನ್ ಮಾಡುತ್ತಿದ್ದ, ರಾಡು ಹಿಡಿದು ಇಳಿಯುತ್ತಿದ್ದ, ಹತ್ತಿ ಬಂದು ಮತ್ತೆ ಫೋನ್ ಮಾಡುತ್ತಿದ್ದ. ಚಿತ್ರಲಿಂಗಪ್ಪ ಎರಡನ್ನೂ ಲಾಗಿನಲ್ಲಿ ಬರೆಯುತ್ತಿದ್ದ: ಎತ್ತಪ್ಪ ಇಳಿದ, ಎತ್ತಪ್ಪ ಹತ್ತಿದ.

ಎರಡು ವರ್ಷದ ಹಿಂದೆ ಮತ್ತೋಡಿನ ಹುಡುಗಿ ರಮ್ಯಾ ಕೆಲಸಕ್ಕೆ ಸೇರಿದಳು. ಹೊಸದುರ್ಗದಲ್ಲಿ ಕಂಪ್ಯೂಟರು ಓದಿದವಳು, ಮಾತು ಕಡಿಮೆ. ವಾರದೊಳಗೆ ಆ ಫೈಲು ನೋಡಿ ಗಾಬರಿಯಾದಳು.

“ಸಾರ್, ಇದ್ರಾಗೆ ನಿಮ್ಮ ಪಾಸ್‌ವರ್ಡು ಹಂಗೇ ಕಾಣ್ತೈತೆ. ನೂರನಲವತ್ತು ಜನದ ಫೋನಿನಾಗೆ ಐತೆ.”

“ಇದ್ರೆ ಏನಮ್ಮ? ಎಲ್ಲಾ ನಮ್ಮೋರೇ ಅಲ್ವಾ ನೋಡೋದು.”

“ಬೀಗ ಯಾರು ತೆಗೆದ್ರು, ಯಾವಾಗ ತೆಗೆದ್ರು ಅಂತ ಬರೀಬೇಕು ಸಾರ್. ಬೀಗದ ಕೈನೇ ತಂದು ಪುಸ್ತಕಕ್ಕೆ ಅಂಟಿಸಬಾರ್ದು.”

ಅವನಿಗೆ ರೇಗಿತು. ಮಗಳ ವಯಸ್ಸಿನವಳು ಲಾಗ್ ಬರೆಯುವುದನ್ನು ತನಗೆ ಕಲಿಸಬೇಕೆ? ಆದರೂ ಆಗಲಿ ಎಂದ. ರಮ್ಯಾ ಪಾಸ್‌ವರ್ಡನ್ನು ಬೇರೊಂದು ಕಡೆ ಭದ್ರವಾಗಿಟ್ಟು, ಸಾಲಿನಲ್ಲಿ ಅದನ್ನು ಟೈಪು ಮಾಡುವ ಪ್ರಮೇಯವೇ ಬಾರದ ಹಾಗೆ ಮಾಡಿದಳು. ಲಾಗಿನ ಪ್ರತಿ ಸಾಲಿನಲ್ಲೂ ಅದರ ಜಾಗಕ್ಕೆ ಚುಕ್ಕಿಗಳು ಬರುತ್ತಿದ್ದವು. ಮರುದಿನ ಬೆಳಿಗ್ಗೆ ಚಿತ್ರಲಿಂಗಪ್ಪ ಫೈಲು ತೆರೆದ. ಸಾಲುಸಾಲಿನಲ್ಲೂ ಎಂಟೆಂಟು ಚುಕ್ಕಿ. ಯಾರೋ ಕುಳಿತು ಪುಸ್ತಕವನ್ನೆಲ್ಲ ಬ್ಲೇಡಿನಿಂದ ಕೆರೆದ ಹಾಗೆ ಅವನಿಗೆ ಕಂಡಿತು. ಗ್ರೂಪಿನಲ್ಲಿ ಯಾರೋ ಒಬ್ಬರು “ಏನ್ ಚಿತ್ರಣ್ಣ, ಈಗ ಮುಚ್ಚಾಕೆ ಶುರು ಮಾಡಿದ್ರಾ?” ಎಂದು ತಮಾಷೆಗೆ ಬರೆದರು. ಆ ತಮಾಷೆ ಅವನಿಗೆ ನಾಟಿತು. ರಮ್ಯಾ ಅಣ್ಣನ ಮದುವೆಗೆಂದು ರಜೆ ಹಾಕಿದ ವಾರ ಅವಳು ಮಾಡಿದ್ದನ್ನೆಲ್ಲ ಕಿತ್ತು ಮೊದಲಿನಂತೆಯೇ ಇಟ್ಟ. ಅಷ್ಟು ಮಾಡುವ ಮಟ್ಟಿಗೆ ಕಂಪ್ಯೂಟರು ಕಲಿತಿದ್ದ ಮಹರಾಯ!

ರಜೆ ಮುಗಿಸಿ ಬಂದ ರಮ್ಯಾ ನೋಡಿದಳು. ಜಗಳವಾಡಲಿಲ್ಲ. “ಪಾಸ್‌ವರ್ಡಾದ್ರೂ ತಿಂಗಳಿಗೊಂದ್ಸಲ ಬದಲಾಯಿಸ್ರಿ ಸಾರ್” ಎಂದಳು. ಹೂಂ ಎಂದ. ಬದಲಾಯಿಸಲಿಲ್ಲ.

ಹೋದ ವರ್ಷದ ಏಪ್ರಿಲ್. ತಾಳ್ಯದ ಏಳನೇ ವಾಲ್ವಿನ ಜೋಡಣೆಯಲ್ಲಿ ನೀರು ಸೋರುತ್ತಿತ್ತು. ಹಿಂದಿನ ದಿನವೇ ಚಿತ್ರಲಿಂಗಪ್ಪ ಇಲ್ಲಿಂದ ಮೇಲಿನ ವಾಲ್ವು ಮುಚ್ಚಿದ್ದ. ರಮ್ಯಾ ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋಗಿದ್ದಳು. ಹನ್ನೊಂದು ಇಪ್ಪತ್ತಕ್ಕೆ ಎತ್ತಪ್ಪನ ಫೋನು ಬಂತು. “ಇಳೀತಿದೀನಣ್ಣ, ರಾಡು ತಗಂಡೇ ಇಳೀತಿದೀನಿ” ಎಂದ. ಇನ್ನೂ ಎರಡು ಮಾತಾಡಿ ನಕ್ಕ. ಅವು ಲಾಗಿನಲ್ಲಿ ಬರೆಯುವ ಮಾತುಗಳಲ್ಲ. ಚಿತ್ರಲಿಂಗಪ್ಪ ಬರೆದದ್ದು ಇಷ್ಟೇ: ‘11.20. ಎತ್ತಪ್ಪ ಇಳಿದ.’

ಹನ್ನೊಂದು ನಲವತ್ತೆರಡಕ್ಕೆ ಪರದೆಯ ಮೇಲೆ ಒಂದು ಸಾಲು ತಾನಾಗಿ ಮೂಡಿತು. ಚಿತ್ರಲಿಂಗಪ್ಪ ಎಂಬ ಹೆಸರಿನವರು ತಾಳ್ಯದ ಮೇಲಿನ ವಾಲ್ವು ತೆರೆಯುತ್ತಿದ್ದಾರೆ. ಅವನು ತನ್ನ ಕೈಗಳನ್ನು ನೋಡಿಕೊಂಡ. ಎರಡೂ ಮೇಜಿನ ಮೇಲಿದ್ದವು, ಒಂದರಲ್ಲಿ ಚಹಾದ ಲೋಟ. ಲೋಟ ಎಲ್ಲಿ ಬಿತ್ತೋ ತಿಳಿಯದು, ಮುಚ್ಚು ಎಂದು ಟೈಪು ಮಾಡಿದ. ಒಂದು ಅಕ್ಷರ ತಪ್ಪಾಯಿತು, ಮತ್ತೆ ಮಾಡಿದ. ಯಂತ್ರ ಒಪ್ಪಿಕೊಂಡಿತು. ಆದರೆ ಅಷ್ಟು ದೊಡ್ಡ ವಾಲ್ವು ಪೂರ್ತಿ ಮುಚ್ಚಿಕೊಳ್ಳಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷವೂ ಅವನು ಎತ್ತಪ್ಪನಿಗೆ ಫೋನ್ ಮಾಡುತ್ತಲೇ ಇದ್ದ. ಫೋನು ಚೇಂಬರಿನ ದಂಡೆಯ ಮೇಲೆ ಕಳಚಿಟ್ಟ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು. ಜೋಡಣೆಯ ಬೋಲ್ಟುಗಳೆಲ್ಲ ಬಿಚ್ಚಿದ್ದ ಕೊಳವೆಯಿಂದ ನುಗ್ಗಿದ ನೀರಿನಲ್ಲಿ ಎತ್ತಪ್ಪನಿಗೆ ಏಣಿಯ ತನಕವೂ ಬರಲಾಗಲಿಲ್ಲ. ಊರಿನವರು ಹೆಣ ಎತ್ತಲು ಇಳಿದಾಗ ಅವನ ಪಕ್ಕದಲ್ಲೇ ರಾಡು ಸಿಕ್ಕಿತು.

ಮಾಡಿದವನು ಯಾರೆಂಬುದು ಎರಡೇ ದಿನಕ್ಕೆ ಗೊತ್ತಾಯಿತು. ಆ ಕಡೆಯ ಊರೊಂದರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ದುರ್ಗೇಶ್. ಅವನ ತಂಗಿಯ ಸೀಮಂತ ಅಂದು, ಮನೆತುಂಬ ನೆಂಟರು, ನಲ್ಲಿಯಲ್ಲಿ ಹನಿ ನೀರಿಲ್ಲ. ಗ್ರೂಪಿನ ಹಳೇ ಲಾಗಿನಿಂದ ವಾಲ್ವು ತೆರೆದ ಸಾಲನ್ನು ಹಾಗೇ ಎತ್ತಿ ತನ್ನ ಅಂಗಡಿಯ ಕಂಪ್ಯೂಟರಿಗೆ ಅಂಟಿಸಿದ್ದ. ಹೆಸರು, ಪಾಸ್‌ವರ್ಡು ಎಲ್ಲ ಅದರಲ್ಲೇ ಇತ್ತಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮುಚ್ಚಿಬಿಡೋಣ ಎಂದುಕೊಂಡಿದ್ದನಂತೆ. ಎತ್ತಪ್ಪ ಇಳಿದ ಸಾಲು ಗ್ರೂಪಿಗೆ ಬರುವುದು ಮರುದಿನ ಬೆಳಿಗ್ಗೆ. ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವನನ್ನು ಬೈಯಲು ಕೂಡ ಚಿತ್ರಲಿಂಗಪ್ಪನಿಗೆ ಬಾಯಿ ಬರಲಿಲ್ಲ.

ಕಂಪನಿಯ ಮ್ಯಾನೇಜರು ಮುರುಗಪ್ಪ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ. “ಕುಂತ್ಕಳ್ರಿ ಚಿತ್ರಣ್ಣ. ಆಗಿದ್ದು ಆಗೋಯ್ತು. ಎತ್ತಪ್ಪ ಹೇಳ್ದೆ ಕೇಳ್ದೆ ಇಳಿದ ಅಂದ್ರೆ ಕಂಪನಿಗೂ ತೊಂದ್ರೆ ಇಲ್ಲ, ನಿಮಗೂ ಇಲ್ಲ. ರಿಟೈರಾಗಕ್ಕೆ ಇನ್ನ ಎಷ್ಟು ದಿನ ಐತೆ ನಿಮ್ಗೆ? ಲಾಗಿನಾಗೆ ಒಂದು ಸಾಲು ಐತಲ್ಲ, ಹನ್ನೊಂದು ಇಪ್ಪತ್ತರದ್ದು, ಅದೊಂದು ತೆಗೀರಿ ಸಾಕು.”

ಕಪಾಳಕ್ಕೆ ಏಟು ಬೀಳಬೇಕಾಗಿದ್ದ ಮಾತು ಅದು. ಮೂಡಲಗಿರಿಯಪ್ಪನಾಗಿದ್ದರೆ ಬಾರಿಸಿಯೇ ಬಿಡುತ್ತಿದ್ದ. ಚಿತ್ರಲಿಂಗಪ್ಪ ಬಾರಿಸಲಿಲ್ಲ, ಆಗಲ್ಲ ಎಂದೂ ಹೇಳಲಿಲ್ಲ. “ನೋಡ್ತೀನಿ” ಎಂದು ಎದ್ದು ಬಂದ. ಸಾಲನ್ನು ಅವನು ಅಳಿಸಲಿಲ್ಲ ನಿಜ. ಆದರೆ ಅದು ಅಲ್ಲಿದೆ ಎಂದು ಯಾರಿಗೂ ಹೇಳಲೂ ಇಲ್ಲ. ಅಂದಿನ ಫೈಲನ್ನು ಅವನು ಗ್ರೂಪಿಗೆ ಹಾಕಿರಲಿಲ್ಲ. ಪೊಲೀಸರಿಗೆ ದುರ್ಗೇಶ್ ಒಪ್ಪಿಕೊಂಡದ್ದೇ ಸಾಕಾಗಿತ್ತು, ಇವನ ಹೇಳಿಕೆ ಕೇಳಲು ಇನ್ನೂ ಬಂದಿರಲಿಲ್ಲ. ಮಾನದ ಮಾತು, ಮಾನದ ಮಾತು ಎಂದು ಮೂವತ್ತನಾಲ್ಕು ವರ್ಷ ಬರೆದ ಮನುಷ್ಯ ಒಂಬತ್ತು ದಿನ ಬಾಯಿ ಹೊಲಿದುಕೊಂಡು ಕೂತ. ಹೆದರಿಕೆ ಎಂದರೆ ಅದು. ಇದನ್ನು ಹೇಳಲು ನನಗೂ ಸಂಕಟವಾಗುತ್ತದೆ, ಆದರೆ ಆ ಒಂಬತ್ತು ದಿನ ಬಿಟ್ಟು ಅವನ ಕತೆ ಹೇಳಿದರೆ ಅದು ಬ್ಲೇಡು ಹಾಕಿದ ಕತೆಯಾಗುತ್ತದೆ.

ಆ ಒಂಬತ್ತು ದಿನದಲ್ಲಿ ಮುರುಗಪ್ಪನ ಮಾತು ತಾಳ್ಯಕ್ಕೆ ಹೋಗಿ ಮುಟ್ಟಿತು. ಎತ್ತಪ್ಪ ಯಾರಿಗೂ ಹೇಳದೆ ಇಳಿದನಂತೆ ಎಂದು ಮೊದಲು ಒಬ್ಬರು ಅಂದರು. ಕುಡಿದಿದ್ದನಂತೆ ಎಂದು ಇನ್ನೊಬ್ಬರು ಸೇರಿಸಿದರು. ಎತ್ತಪ್ಪ ಜನ್ಮದಲ್ಲಿ ಕುಡಿದವನಲ್ಲ. ಅವನ ಹೆಂಡತಿ ಓಬಮ್ಮ ನೀರಿಗೆ ಹೋದರೆ ಕೊಳಾಯಿ ಹತ್ತಿರ ಮಾತು ನಿಲ್ಲುತ್ತಿತ್ತಂತೆ. ಹತ್ತನೇ ದಿನ ಬೆಳಿಗ್ಗೆ ರಮ್ಯಾ ಇದನ್ನು ಚಿತ್ರಲಿಂಗಪ್ಪನಿಗೆ ಹೇಳಿದಳು. ಅವಳು ಆ ಮನೆಗೆ ಹೋಗಿ ಬಂದಿದ್ದಳು.

“ಅವ್ರು ಫೋನ್ ಮಾಡಿರ್ಲಿಲ್ವಾ ಸಾರ್?” ಎಂದು ಕೇಳಿದಳು.

ಅವನು ಕಪ್ಪು ಪರದೆಯಲ್ಲಿ ಆ ದಿನದ ಫೈಲು ತೆರೆದು ಅವಳ ಕಡೆ ತಿರುಗಿಸಿದ. ರಮ್ಯಾ ಓದಿದಳು. ಆಮೇಲೆ ಹನ್ನೊಂದು ನಲವತ್ತೆರಡರ ಸಾಲನ್ನೂ ಓದಿದಳು, ಅದರಲ್ಲಿ ಬಿಡಿಸಿ ಬರೆದಿಟ್ಟ ಹಾಗಿದ್ದ ಪಾಸ್‌ವರ್ಡನ್ನೂ ನೋಡಿದಳು. ನಾನು ಹೇಳಿದ್ದೆ ಎಂದು ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವಳು ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

“ಆ ಚುಕ್ಕಿ ಮತ್ತೆ ಹಾಕಮ್ಮ” ಎಂದ ಅವನು. “ಇನ್ನ ತಗೀಬ್ಯಾಡ, ಯಾರು ಹೇಳಿದ್ರೂ.”

ಅವತ್ತೇ ಅವನು ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟ: ಎತ್ತಪ್ಪ ಫೋನು ಮಾಡಿಯೇ ಇಳಿದದ್ದು, ಪಾಸ್‌ವರ್ಡು ಲಾಗಿನಲ್ಲಿ ಬಿಟ್ಟದ್ದು ತಾನು, ಹುಡುಗಿ ಎಚ್ಚರಿಸಿದ್ದಳು, ಅವಳು ಮಾಡಿದ್ದನ್ನು ಕಿತ್ತದ್ದೂ ತಾನೇ. ಮುರುಗಪ್ಪ ಹೇಳಿದ್ದನ್ನೂ ಬರೆದ. ಮರುದಿನ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಪುಟ್ಟಕ್ಕ ಅಳಲಿಲ್ಲ, ಉಪ್ಪಿನ ತಮಾಷೆಯನ್ನೂ ಮತ್ತೆಂದೂ ಮಾಡಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವನು ತಾಳ್ಯಕ್ಕೆ ಹೋದ. ಓಬಮ್ಮ ನಡುಮನೆಯಲ್ಲಿ ಒಬ್ಬಳೇ ಕೂತಿದ್ದಳು. ಬರ್ರಿ ಎಂದಳು, ಚಾಪೆ ತೋರಿಸಿದಳು. ಅವನು ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅದನ್ನು ಶುರು ಮಾಡುವ ಮುಂಚೆ ಅವಳೇ ಕೇಳಿದಳು.

“ಇಳಿಯಕೆ ಮುಂಚೆ ನಿಮ್ಗೆ ಫೋನ್ ಮಾಡಿದ್ರಾ ಅಣ್ಣಾ?”

“ಮಾಡಿದ್ದ ಕಣವ್ವ. ಹನ್ನೊಂದು ಇಪ್ಪತ್ತಕ್ಕೆ.”

“ಬರ್ಕೊಡ್ರಿ.”

ಜೇಬಿನ ಪುಸ್ತಕ ತೆಗೆದ. ದಾರ ಬಿಚ್ಚಿ ಪೆನ್ನು ಹಿಡಿದ. ‘ಬೆಳಿಗ್ಗೆ 11.20. ಎತ್ತಪ್ಪ ನನಗೆ ಫೋನ್ ಮಾಡಿ ತಿಳಿಸಿ ಚೇಂಬರಿಗೆ ಇಳಿದ. ವಾಲ್ವಿನ ರಾಡನ್ನು ಜೊತೆಗೆ ತೆಗೆದುಕೊಂಡೇ ಇಳಿದ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಕೇಳಿದ್ದು ಅಷ್ಟೇ. ಅವನು ನಿಲ್ಲಿಸಲಿಲ್ಲ. ‘11.42. ನನ್ನ ಹೆಸರು, ನನ್ನ ಪಾಸ್‌ವರ್ಡಿನಿಂದ ವಾಲ್ವು ತೆರೆಯಿತು. ಪಾಸ್‌ವರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟವನು ನಾನು.’ ಕೆಳಗೆ ಹೆಸರು, ಊರು, ತಾರೀಖು ಹಾಕಿ ಹಾಳೆ ಹರಿದು ಕೊಟ್ಟ.

ಓಬಮ್ಮ ಏಳನೇ ಕ್ಲಾಸಿನ ತನಕ ಓದಿದವಳು. ಬೆರಳಿಟ್ಟು ನಿಧಾನವಾಗಿ ಓದಿದಳು. ಎರಡನೇ ಸಾಲು ಮುಗಿದಾಗ ತಲೆ ಎತ್ತಲಿಲ್ಲ. ಹಾಗೇ ಕೇಳಿದಳು.

“ಇನ್ನೇನಂದ್ರು ಫೋನಿನಾಗೆ?”

“ನಕ್ಕ ಕಣವ್ವ. ಓಬಿ ಹುರುಳಿಕಾಳು ಬಸ್ಸಾರು ಮಾಡ್ತೀನಿ ಅಂದವ್ಳೆ, ಮುದ್ದೆ ಬಿಸಿ ಇರಂಗೇ ಮನೆ ಸೇರ್ಕಬೇಕು, ಬಿರ್ನೆ ಮುಗಿಸ್ತೀನಿ ಅಂದ.”

ಅವಳು ಹಾಳೆಯನ್ನು ಅವನ ಮುಂದಕ್ಕೆ ಮತ್ತೆ ಸರಿಸಿದಳು.

“ಅದನ್ನೂ ಬರೀರಿ.”

ಚಿತ್ರಲಿಂಗಪ್ಪನ ಕೈ ಅಂಥ ಮಾತನ್ನು ಯಾವತ್ತೂ ಬರೆದದ್ದಲ್ಲ. ಅಕ್ಷರ ಸೊಟ್ಟಗಾಯಿತು, ಬಸ್ಸಾರು ಎಂಬಲ್ಲಿ ಒಂದು ಒತ್ತು ತಪ್ಪಿತು. ಅವನು ಅದನ್ನು ಹೊಡೆದುಹಾಕದೆ ಹಾಗೇ ಬಿಟ್ಟು ಮುಂದೆ ಬರೆದ. ಕಣ್ಣು ತುಂಬಿ ಕೊನೆಯ ಪದ ಎಲ್ಲಿ ಕೂತಿತೋ ಕಾಣಲಿಲ್ಲ.

ಓಬಮ್ಮ ಹಾಳೆ ಮಡಿಸಿ ಕೈಯಲ್ಲಿಟ್ಟುಕೊಂಡಳು. “ಇದನ್ನ ಊರಿನೋರಿಗೆ ನಾನೇ ಓದಿ ಹೇಳ್ತೀನಿ” ಎಂದಳು. ಆಮೇಲೆ, “ನೀವು ಇನ್ನ ಈ ಮನೆಗೆ ಬರಬ್ಯಾಡ್ರಿ ಅಣ್ಣಾ. ಬಂದ್ರೆ ನಂಗೆ ತಡ್ಕಳಾಕಾಗಲ್ಲ” ಎಂದಳು.

“ಆಯ್ತವ್ವ” ಎಂದ.

ಅವನು ಹೊಸ್ತಿಲು ದಾಟುವಾಗ ಅವಳು ಎದ್ದು ಬಂದಳು. ಬಾಗಿಲ ಸಂದಿಯಲ್ಲಿ ಒರಗಿಸಿಟ್ಟಿದ್ದ ರಾಡನ್ನು ಎತ್ತಿ ಹೊರಗೆ ಚಾಚಿದಳು. ಕೆಸರು ಒಣಗಿ ಅಲ್ಲಲ್ಲಿ ಮೆತ್ತಿಕೊಂಡಿತ್ತು. “ಇದು ಕಂಪನಿದು. ತಗಂಡು ಹೋಗ್ರಿ.” ತಾನು ಈಗ ಕಂಪನಿಯವನಲ್ಲ ಎಂದು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಎರಡೂ ಕೈಯಲ್ಲಿ ಈಸಿಕೊಂಡ.

ಹೊಳಲ್ಕೆರೆಯ ಬಸ್ಸಿನಲ್ಲಿ ರಾಡನ್ನು ಮಲಗಿಸಲು ಜಾಗವಿರಲಿಲ್ಲ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತ. ಟಿಕೆಟ್ಟಿಗೆ ಬಂದ ಕಂಡಕ್ಟರು ಬಗ್ಗಿ ನೋಡಿದ.

“ಏನ್ರಿ ಯಜಮಾನ್ರೇ ಇದು?”

“ವಾಲ್ವು ತಿರುಗಿಸೋ ರಾಡು.”

“ಅಯ್ಯೋ, ಈಗ ಎಲ್ಲಾ ಕಂಪ್ಯೂಟರಿನಾಗೇ ಅಲ್ವಾ?”

“ಹೌದಪ್ಪ” ಎಂದ ಚಿತ್ರಲಿಂಗಪ್ಪ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿದ, ಚಿತ್ರದುರ್ಗದಲ್ಲಿ ಮತ್ತೊಮ್ಮೆ ಬದಲಿಸಿದ. ಹಿರಿಯೂರು ಬರುವ ತನಕ ರಾಡಿನ ಮೇಲಿಂದ ಕೈ ತೆಗೆಯಲಿಲ್ಲ.